ಎಡಗಣ್ಣಿನ ಬಂದೂಕು

ಗುಡ್ಡದಹಟ್ಟಿ, ಕೂಡ್ಲಿಗಿ ತಾಲೂಕು
೧೧–೨–೧೯೮೦

ಹೈದರಸಾಬರಿಗೆ ಓಬಳೇಶಪ್ಪನ ನಮಸ್ಕಾರ.

ನಾವಿಲ್ಲಿ ಇದ್ದೇವೆ. ನೀವು ಹಡಗಲಿಯಲ್ಲಿ ಇದ್ದೀರೆಂದು ನಮ್ಮೂರ ಗಾಳೆಪ್ಪನಿಂದ ತಿಳಿಯಿತು. ಕುರಿ ಮಾರಲು ಅಲ್ಲಿಯ ಸಂತೆಗೆ ಹೋದವನು ಬಸ್ ನಿಲ್ದಾಣದ ಹಿಂದೆ ಸ್ಟೋವ್ ರಿಪೇರಿ ಅಂಗಡಿಯಲ್ಲಿ ನಿಮ್ಮನ್ನು ಕಂಡನಂತೆ.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ತಂದೆಯ ಕಾಲದ ಬೋಲ್ಟ್ ರೈಫಲ್ಲು ನಿಮಗೆ ಗೊತ್ತಿರುವುದೇ. ಪೊಲೀಸರು ಹಿಂದಿರುಗಿಸಿದ ಮೇಲೆ ಪೆಟ್ಟಿಗೆಯಲ್ಲೇ ಬಿದ್ದಿದೆ. ಒಡೆದ ಬಾಯಿಯನ್ನು ಕೊಯ್ದು ಸರಿಮಾಡಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನನಗೆ ಬಲಗಣ್ಣು ಇಲ್ಲ. ಎಡ ಭುಜಕ್ಕೆ ಇಟ್ಟು ಅಭ್ಯಾಸ ಮಾಡಿ ನೋಡಿದೆ, ಕೈ ಬೋಲ್ಟಿನ ಮೇಲೆ ಓಡುವುದಿಲ್ಲ. ಬಲ ಭುಜಕ್ಕೇ ಇಟ್ಟು ಎಡಗಣ್ಣಿನಲ್ಲಿ ಗುರಿ ಹಿಡಿಯುವ ಹಾಗೆ ಭುಜಕ್ಕೆ ಆನಿಸುವ ಹಿಂದಿನ ಮರವನ್ನು ಡೊಂಕಾಗಿ ಕೂಡಿಸುವುದುಂಟು ಎಂದು ಕೇಳಿದ್ದೇನೆ. ಕೊಟ್ಟೂರಿನವನು ನಾಡಬಂದೂಕು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದ. ಬಳ್ಳಾರಿಯ ಅಂಗಡಿಯವರು ಗುಜರಿಗೆ ಹಾಕಿ ಎಂದರು. ಹುಬ್ಬಳ್ಳಿಯಲ್ಲಿ ಪಲ್ಟನ್ನಿನಿಂದ ನಿವೃತ್ತನಾದ ಒಬ್ಬ ಮುದುಕ ಮಾತ್ರ ತಿರುಗಿಸಿ ಮುರುಗಿಸಿ ನೋಡಿ, “ಇಂಥಾ ಡೊಂಕು ಮರ ಕೂಡ್ರಸಾಂವ ಒಬ್ಬನ ಇದ್ದ, ಹರಪನಹಳ್ಳಿ ಜಮಾಲುದ್ದೀನ ಸಾಬ. ಅವನ ಮಗಾ ಯಾರರ ಇದ್ರ ಹುಡಿಕ್ಯಾಡ್ರಿ” ಎಂದ. ಮಗ ನನಗೆ ಗೊತ್ತು ಎಂದು ನಾನು ಹೇಳಲಿಲ್ಲ.

ಶೇಂಗಾ ಹೊಲಕ್ಕೆ ಕಾಡುಹಂದಿಯ ಕಾಟ ವಿಪರೀತ. ಅದು ಒಂದು ಕಡೆ. ಮಾನವಮಿಯ ಆಯುಧಪೂಜೆಯ ದಿನ ಊರ ಕಟ್ಟೆಯ ಮೇಲೆ ಗುಂಡು ಹಾರಿಸುವುದು ನಮ್ಮ ಮನೆಯ ಹಕ್ಕು. ಈಗ ದಾಯಾದಿ ಬಂಗಾರಪ್ಪ ಹಳೆಯ ಮದ್ದಿನ ಕೋವಿ ಹಿಡಿದು ಹಾರಿಸುತ್ತಾನೆ, ನಾನು ಕೈಕಟ್ಟಿಕೊಂಡು ನೋಡುತ್ತೇನೆ. ಸಾಯುವುದರೊಳಗೆ ಒಮ್ಮೆಯಾದರೂ ಆ ಕಟ್ಟೆ ಹತ್ತಬೇಕು.

ಲೈಸೆನ್ಸು ಸರಿಯಾಗಿದೆ. ಕೆಲಸ ಒಪ್ಪುವುದಾದರೆ ಬರೆಯಿರಿ. ಹಳೆಯ ಮಾತು ಬೇಡ.

ಓಬಳೇಶಪ್ಪ


ಹೂವಿನಹಡಗಲಿ
೨–೩–೧೯೮೦

ಶ್ರೀ ಓಬಳೇಶಪ್ಪ ಗೌಡರ ಸನ್ನಿಧಾನಕ್ಕೆ,

ಅಬ್ಬಬ್ಬಾ, ‘ಹೈದರಸಾಬರಿಗೆ’ ಅಂತೆ! ಹರಪನಹಳ್ಳಿ ಹೈಸ್ಕೂಲಿನಲ್ಲಿ ಒಂದೇ ಡಬ್ಬಿಯ ರೊಟ್ಟಿ ತಿನ್ನುವಾಗ ನಾನು ‘ಲೇ ಹೈದ್ರ್ಯಾ’ ಆಗಿದ್ದೆ. ಪರವಾಗಿಲ್ಲ, ಕಣ್ಣು ಹೋದ ಮೇಲೆ ಗೌಡರಿಗೆ ಮರ್ಯಾದೆ ಬಂದಿದೆ.

ಹಳೆಯ ಮಾತು ಬೇಡ ಎಂದಿದ್ದೀರಿ. ತರುವ ಬಂದೂಕು ಮಾತ್ರ ಹಳೆಯದೇ! ಎಪ್ಪತ್ತೊಂದರಲ್ಲಿ ಇದೇ ಬಂದೂಕು ಹೊತ್ತು ನಮ್ಮ ಅಂಗಡಿಗೆ ಬಂದಿದ್ದಿರಿ. ಬೋಲ್ಟಿನ ಸ್ಪ್ರಿಂಗು ಸೋತಿತ್ತು, ಹೊಸದು ಹಾಕಿದೆ. ತೋಟಾ ಕುಟ್ಟುವ ಸೂಜಿ ಸವೆದಿತ್ತು, ಹೊಸದು ಕಡೆದೆ. ‘ಮೊದಲ ಗುಂಡು ರಿಪೇರಿ ಮಾಡಿದವನ ಕೆನ್ನೆಗೆ’ ಎಂಬುದು ನಮ್ಮಪ್ಪನ ಕಾಯಿದೆ. ನಾನೇ ಕೆನ್ನೆಗಿಟ್ಟು ಹಾರಿಸಿ, ಒರೆಸಿ, ನಿಮ್ಮ ಕೈಗೆ ಕೊಟ್ಟೆ. ಆ ಮಾನವಮಿಯ ದಿನ ಅದು ನಿಮ್ಮ ಕೈಯಲ್ಲಿ ಒಡೆಯಿತು, ಬಲಗಣ್ಣು ಹೋಯಿತು. ನಾನು ಕೂಡ್ಲಿಗಿ ಠಾಣೆಗೆ ಓಡಿ ಬಂದು, ಬಂದೂಕು ಒಮ್ಮೆ ತೋರಿಸಿ ಎಂದು ಕೈಮುಗಿದು ನಿಂತೆ. ತೋರಿಸಲಿಲ್ಲ. ನೀವು ಆಸ್ಪತ್ರೆಯ ಮಂಚದ ಮೇಲಿನಿಂದ ಪೊಲೀಸರಿಗೆ ಜಬಾನಿ ಹೇಳಿಕೆ ಕೊಟ್ಟಿದ್ದಿರಿ, ರಿಪೇರಿ ಸರಿ ಇರಲಿಲ್ಲ ಅಂತ. ಆಮೇಲೆ ಊರೂರಲ್ಲಿ ಒಂದೇ ಮಾತು: “ಸಾಬನ ಕೈ ಕೆಟ್ಟೈತಿ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜನ ಅಂದದ್ದು ಸಹಿಸಿದೆ. ನಮ್ಮಪ್ಪ ಹಾಸಿಗೆ ಹಿಡಿದಿದ್ದರು. ಕರೆದು, “ಖರೇ ಹೇಳು ಬೇಟಾ, ನಿನ್ನ ಕೈ ತಪ್ಪಿತೇನು?” ಎಂದು ಕೇಳಿದರು. ಇಲ್ಲ ಅಬ್ಬಾ ಎಂದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಆ ರಮಜಾನಿನಲ್ಲಿ ತೀರಿಕೊಂಡರು, ಗೋಡೆಯ ಕಡೆಯಿಂದ ಈ ಕಡೆ ತಿರುಗಲೇ ಇಲ್ಲ. ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ಅಂಗಡಿಗೆ ಒಂದು ಬಂದೂಕೂ ಬರಲಿಲ್ಲ. ಮಗ ದಸ್ತಗಿರಿ ಬಸ್ಸು ರಿಪೇರಿಗೆ ಸೇರಿಕೊಂಡ. ನಾನು ಇಲ್ಲಿ ಬಂದು ಸ್ಟೋವು, ಬೀಗ, ಛತ್ರಿ ನೋಡಿಕೊಂಡಿದ್ದೇನೆ. ಆದರೂ ವರ್ಷಾ ವರ್ಷ ಬಳ್ಳಾರಿಗೆ ಹೋಗಿ ಬಂದೂಕು ರಿಪೇರಿಯ ಲೈಸೆನ್ಸು ಹೊಸದು ಮಾಡಿಸುತ್ತೇನೆ. “ಯಾರ ಸಲುವಾಗಿ ಇದೆಲ್ಲಾ?” ಎಂದು ಹೆಂಡತಿ ಜೈತುನ್ ಬೈಯುತ್ತಾಳೆ. ಈಗ ನೋಡಿದರೆ ನಿಮ್ಮ ಸಲುವಾಗಿಯೇ ಇರಬೇಕು, ನನ್ನ ಹಣೆಬರಹ.

ಕೆಲಸ ಒಪ್ಪಿದ್ದೇನೆ. ನಿಮ್ಮ ಮೇಲಿನ ಪ್ರೀತಿಗಲ್ಲ. ಆ ಬಂದೂಕನ್ನು ನಾನು ಕಣ್ಣಾರೆ ನೋಡಬೇಕು. ನೀವೇ ಬರಬೇಕು.

ಹೈದರ


ಗುಡ್ಡದಹಟ್ಟಿ
೨೦–೩–೧೯೮೦

ಹೈದರಸಾಬರಿಗೆ,

ಪತ್ರ ಓದಿದೆ. ಯಾರಿಗೆ ಎಷ್ಟು ಹೋಯಿತು ಎಂದು ತಕ್ಕಡಿ ಹಿಡಿದರೆ ನನ್ನ ಕಡೆಯೂ ತೂಕವಿದೆ.

ಬಂದೂಕು ಒಪ್ಪಿಸಲು ಕಾಯಿದೆ ಪ್ರಕಾರ ನಾನೇ ಬರುತ್ತೇನೆ, ಕೊಟ್ಟು ಅದೇ ಬಸ್ಸಿಗೆ ಹೊರಡುತ್ತೇನೆ. ಮುಖದ ಅಳತೆ, ಭುಜದ ಅಳತೆ ಎಲ್ಲ ಇಲ್ಲಿಯ ಬಡಿಗನಿಂದ ತೆಗೆಸಿ ದಾರದಲ್ಲಿ ಗಂಟು ಹಾಕಿ ತಂದರೆ ಆಗುವುದಿಲ್ಲವೇ?

ಓಬಳೇಶಪ್ಪ


ಹೂವಿನಹಡಗಲಿ
೨೭–೩–೧೯೮೦

ಗೌಡರೇ,

ಆಗುವುದಿಲ್ಲ. ಅಂಗಿ ಹೊಲಿಯುವುದಲ್ಲ ಇದು. ಮುಖ ತಂದು ನನ್ನ ಮುಂದೆ ಕೂಡ್ರಿ.

ಹೈದರ


ಹೂವಿನಹಡಗಲಿ
೫–೫–೧೯೮೦

ಓಬಳೇಶಪ್ಪ,

ನೀನು ಬಂದು ಹೋದ ಮೇಲೆ ಗೌಡರು ಗಿವ್ಡರು ಎಂದು ಬರೆಯಲು ಕೈ ಏಳುತ್ತಿಲ್ಲ. ಏಕವಚನಕ್ಕೆ ಸಿಟ್ಟು ಬಂದರೆ ಬರಲಿ.

ಸ್ಟೂಲಿನ ಮೇಲೆ ಕೂತು ಕರಿಕನ್ನಡಕ ತೆಗೆದೆಯಲ್ಲ, ಆಗ ಆ ಬಲಗಣ್ಣಿನ ಗುಳಿಯನ್ನು ಮೊದಲ ಸಲ ನೋಡಿದೆ. ಕೆನ್ನೆಯಿಂದ ಭುಜಕ್ಕೆ, ಭುಜದಿಂದ ಎಡಗಣ್ಣಿಗೆ ದಾರ ಹಿಡಿದೆ. ದಾರ ಜಾರಿತು, ಮತ್ತೆ ಹಿಡಿದೆ. ‘ನೋಡು, ಸಾಬನ ಕೈ ಇನ್ನೂ ಕೆಟ್ಟೇ ಇದೆ’ ಎಂದು ನೀನು ಅಂದುಕೊಂಡಿರಬೇಕು. ನೀನು ನನ್ನ ಕಡೆ ನೋಡಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದೆ. ಜೈತುನ್ ಕೊಟ್ಟ ಚಹಾ ಅರ್ಧ ಕುಡಿದು ಇಟ್ಟೆ. “ಸಕ್ರಿ ಹೆಚ್ಚಾತೇನ್ರಿ?” ಎಂದು ಅವಳು ಕೇಳಿದ್ದಕ್ಕೆ “ಇಲ್ಲವಾ, ಬಸ್ಸಿನ ಹೊತ್ತಾತು” ಎಂದೆ. ಅಷ್ಟೇ ಮಾತು.

ನೀನು ಹೋದ ಮೇಲೆ ಬಂದೂಕು ಬಿಚ್ಚಿದೆ. ಓಬಳೇಶ, ನಾನು ಕೈ ಹಾಕಿದ್ದು ಹಿಂದಿನ ಭಾಗಕ್ಕೆ. ನನ್ನ ಸ್ಪ್ರಿಂಗು, ನನ್ನ ಸೂಜಿ ಇವತ್ತಿಗೂ ಗಟ್ಟಿಯಾಗಿವೆ. ಒಡೆದದ್ದು ಎಲ್ಲಿ? ನಳಿಗೆಯ ಬಾಯಿಯ ಹತ್ತಿರ, ತುದಿಯಿಂದ ಬೆರಳುದ್ದ ಒಳಗೆ. ಅಲ್ಲಿ ಕಪ್ಪೆ ನುಂಗಿದ ಹಾವಿನ ಹಾಗೆ ನಳಿಗೆ ಉಬ್ಬಿದೆ, ಉಬ್ಬಿದಲ್ಲೇ ಸೀಳಿದೆ. ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಮಾತ್ರ ನಳಿಗೆ ಹೀಗೆ ಉಬ್ಬುವುದು. ಇದನ್ನು ಆವತ್ತೇ ಠಾಣೆಯಲ್ಲಿ ತೋರಿಸಿದ್ದರೆ ಆವತ್ತೇ ಹೇಳುತ್ತಿದ್ದೆ.

ಒಂದು ಕೇಳುತ್ತೇನೆ, ಸಿಟ್ಟಾಗದೆ ಬರೆ. ಆ ದಿನ ಪೆಟ್ಟಿಗೆಯಿಂದ ತೆಗೆದ ಮೇಲೆ ಗುಂಡು ಹಾರಿಸುವವರೆಗೆ ಬಂದೂಕಿಗೆ ಏನೇನು ಆಯಿತು? ಏನನ್ನೂ ಬಿಡಬೇಡ.

ಹೈದರ


ಗುಡ್ಡದಹಟ್ಟಿ
೨೮–೫–೧೯೮೦

ಹೈದರ,

ಇಷ್ಟು ವರ್ಷದ ಮೇಲೆ ತಪ್ಪು ನನ್ನ ತಲೆಗೇ ಕಟ್ಟಲು ಹೊರಟಿದ್ದೀಯಾ? ನಳಿಗೆಯೊಳಗೆ ಏನೂ ಇರಲಿಲ್ಲ. ಹಿಂದಿನ ಸಂಜೆ ನಾನೇ ಎಣ್ಣೆ ಬಟ್ಟೆ ಸುತ್ತಿದ ಗಜದ ಕಡ್ಡಿ ತೂರಿಸಿ ತಿಕ್ಕಿದ್ದೆ. ದೀಪಕ್ಕೆ ಹಿಡಿದು ನೋಡಿದ್ದೆ, ಕನ್ನಡಿಯ ಹಾಗಿತ್ತು.

ಬೆಳಗ್ಗೆ ಪೂಜೆಗೆ ಇಟ್ಟೆವು. ನೇಗಿಲ ಕುಡ, ಕುಡುಗೋಲು, ಅಜ್ಜನ ಕತ್ತಿ, ಎಲ್ಲದರ ಜೊತೆಗೆ ಬಂದೂಕು. ವಿಭೂತಿ, ಕುಂಕುಮ, ಹಡಗಲಿ ಮಲ್ಲಿಗೆ. ಅವ್ವ ಮೊದಲಿನಿಂದ ಮಾಡುವ ಹಾಗೇ ಎಲ್ಲದರ ಮೊನೆಗೂ ನಿಂಬೆಹಣ್ಣು ಚುಚ್ಚಿದಳು. ಕತ್ತಿಯ ಮೊನೆಗೊಂದು, ಬಂದೂಕಿನ ಬಾಯಿಗೊಂದು. ಮಂಗಳಾರತಿ ಆಯಿತು. ನಾನು ನಿಂಬೆಹಣ್ಣು ಕಿತ್ತು ಅವ್ವನ ಉಡಿಗೆ ಹಾಕಿ, ಕಟ್ಟೆ ಹತ್ತಿ, ತೋಟಾ ತುಂಬಿ ಹಾರಿಸಿದೆ. ಮುಂದಿನದು ನಿನಗೆ ಗೊತ್ತು.

ಇದರಲ್ಲಿ ಹೊಸದೇನಿದೆ? ಅಪ್ಪನ ಕಾಲದಿಂದ ಹೀಗೇ ನಡೆದಿದೆ. ಮೊದಲೆಲ್ಲ ಮದ್ದಿನ ಕೋವಿಗೆ ಬರೀ ಮದ್ದು ತುಂಬಿ ಢಂ ಅನ್ನಿಸುತ್ತಿದ್ದೆವು, ಆವತ್ತು ನೀನು ರಿಪೇರಿ ಮಾಡಿಕೊಟ್ಟ ಸಂಭ್ರಮಕ್ಕೆ ರೈಫಲ್ಲು ಎತ್ತಿದೆ. ಮದ್ದಿನ ಕೋವಿಯ ಬಾಯಿಗೂ ಅವ್ವ ನಿಂಬೆಹಣ್ಣು ಚುಚ್ಚುತ್ತಿದ್ದಳು, ಅದು ಯಾವತ್ತಾದರೂ ಒಡೆದದ್ದುಂಟೇ? ಪೂಜೆಯಲ್ಲಿ ತಪ್ಪು ಹುಡುಕಬೇಡ.

ಓಬಳೇಶಪ್ಪ


ಹೂವಿನಹಡಗಲಿ
೬–೬–೧೯೮೦

ಲೇ ಓಬಳೇಶ,

ನಿನ್ನ ಪತ್ರ ಓದಿ ಸಂತೆಗೆ ಓಡಿ ಹೋಗಿ ನಿಂಬೆಹಣ್ಣು ತಂದೆ. ಸ್ಟೋವಿನ ಹಳೆಯ ಕೊಳವೆ ತುಂಡೊಂದು ಬಿದ್ದಿತ್ತು. ಅದನ್ನು ಹಣ್ಣಿಗೆ ಒತ್ತಿ ಚುಚ್ಚಿದೆ. ಆಮೇಲೆ ಹಣ್ಣು ಕಿತ್ತೆ. ಹಣ್ಣಿನಲ್ಲಿ ತೂತು ಬಿದ್ದಿತ್ತು. ಆ ತೂತಿನಲ್ಲಿದ್ದ ಸಿಪ್ಪೆ, ತಿರುಳು ಎಲ್ಲಿ ಹೋಯಿತು? ಕೊಳವೆಯ ಬಾಯಲ್ಲಿ, ಬಿರಡೆ ಹಾಕಿದ ಹಾಗೆ!

ನೀನೂ ಮಾಡಿ ನೋಡು. ಯಾವುದಾದರೂ ಕಬ್ಬಿಣದ ಕೊಳವೆ ತೆಗೆದುಕೋ. ಕತ್ತಿಗೆ ಚುಚ್ಚಿದ ಹಣ್ಣು ಇಡಿಯಾಗಿ ಹೊರಬರುತ್ತದೆ. ಬಂದೂಕಿಗೆ ಚುಚ್ಚಿದ್ದು ಬರುವುದಿಲ್ಲ. ಬರೀ ಮದ್ದಾದರೆ ಅದನ್ನು ಫೂ ಎಂದು ಊದಿ ಬಿಸಾಡುತ್ತದೆ. ಹಿಂದೆ ಗುಂಡು ಬಂದರೆ ನಳಿಗೆ ಏನು ಮಾಡಬೇಕು? ಒಡೆಯಿತು.

ಕೊಳವೆ ಕೈಯಲ್ಲಿ ಹಿಡಿದುಕೊಂಡು ಅಂಗಡಿಯಲ್ಲಿ ಕೂತು ಅತ್ತೆ. ಸ್ಟೋವು ಒಯ್ಯಲು ಬಂದ ಹೆಣ್ಣುಮಗಳು ಹೆದರಿ ಜೈತುನ್‌ಳನ್ನು ಕರೆದಳು. ಮರುದಿನ ಹರಪನಹಳ್ಳಿಗೆ ಹೋಗಿ ಅಪ್ಪನ ಗೋರಿಯ ಮುಂದೆ ಕೂತು, “ಅಬ್ಬಾ, ಲಿಂಬಿಹಣ್ಣು ಅಬ್ಬಾ, ಬರೇ ಲಿಂಬಿಹಣ್ಣು” ಎಂದೆ. ಹುಚ್ಚನ ಹಾಗೆ ಅದನ್ನೇ ಹೇಳಿದೆ. ಸತ್ತವರಿಗೆ ಕೇಳಿಸುವುದಿಲ್ಲ ಅನ್ನುವುದು ಆಗ ಗೊತ್ತಾಯಿತು.

ಬಂದೂಕು ಮಾಡಿಕೊಡುತ್ತೇನೆ. ನನಗೆ ಒಂದು ಪೈಸೆ ಬೇಡ. ಈ ಮಾನವಮಿಯಲ್ಲಿ ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ, ಗುಂಡು ಹಾರಿಸುವ ಮೊದಲು ಒಂದೇ ಮಾತು ಹೇಳು: ‘ಆವತ್ತು ಹೈದರನ ಕೈ ತಪ್ಪಿರಲಿಲ್ಲ.’ ನಿನ್ನ ತಾಯಿಯ ಹೆಸರು ಎತ್ತಬೇಡ. ಪಾಲಮ್ಮವ್ವನ ಕೈಯ ರೊಟ್ಟಿ ತಿಂದವನು ನಾನು. ಅವಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ನನ್ನ ಕೈ ನನಗೆ ವಾಪಸ್ ಕೊಡು, ಸಾಕು.

ಹೈದರ


ಗುಡ್ಡದಹಟ್ಟಿ
೧೦–೭–೧೯೮೦

ಹೈದ್ರ್ಯಾ,

ಪತ್ರ ಬಂದ ದಿನವೇ ನೋಡಿದೆ. ಬೋರಿನ ಪೈಪಿನ ತುಂಡು ತೆಗೆದುಕೊಂಡೆ, ಹಿತ್ತಲಲ್ಲಿ ಯಾರೂ ಇಲ್ಲದಾಗ. ನೀನು ಹೇಳಿದ್ದು ಖರೆ. ಆ ದಿನ ಊಟ ಸೇರಲಿಲ್ಲ. ಅವ್ವ ಬಂದು, “ಯಾಕಪಾ, ಮೈಯಾಗ ಆರಾಮಿಲ್ಲೇನು?” ಎಂದು ಹಣೆ ಮುಟ್ಟಿ ನೋಡಿದಳು. ಆ ಕೈ ನೋಡುತ್ತ ಕೂತೆ.

ಬರೆಯಲು ತಡವಾಯಿತು. ಹೇಳುತ್ತೇನೆ. ಮಾನವಮಿಯ ದಿನ ಕಟ್ಟೆಯ ಮೇಲೆ ಹೇಳುತ್ತೇನೆ. ಓಬಳೇಶ್ವರನ ಆಣೆ.

ಓಬಳೇಶ


ಹೂವಿನಹಡಗಲಿ
೨೫–೯–೧೯೮೦

ಪ್ರೀತಿಯ ಓಬಳೇಶ,

ಬಂದೂಕು ತಯಾರಾಗಿದೆ. ಹಲವಾಗಲು ಊರಿನಲ್ಲಿ ಕೆಡವಿದ ಹಳೆಯ ಮನೆಯ ಬಾಗಿಲುವಾಡದ ಸಾಗುವಾನಿ ಸಿಕ್ಕಿತು. ಮೂರು ತಲೆಮಾರು ಬಿಸಿಲು ಮಳೆ ಕುಡಿದ ಮರ, ಇನ್ನು ಅದು ಡೊಂಕಾಗುವುದಿಲ್ಲ, ನಾನು ಮಾಡಿದ ಡೊಂಕೊಂದನ್ನು ಬಿಟ್ಟು. ಒಡೆದ ಬಾಯಿ ಕೊಯ್ದು ಹೊಸ ಬಾಯಿ ಮಾಡಿ ಮುಂದಿನ ಗುರಿಕಾಳು ಹಿಂದಕ್ಕೆ ಕೂಡಿಸಿದ್ದೇನೆ. ಕೊಯ್ದ ತುಂಡು ನನ್ನ ಹತ್ತಿರವೇ ಇರಲಿ.

ಕಾಯಿದೆಯ ಪ್ರಕಾರ ಮೊದಲ ಗುಂಡು ನನ್ನದು. ಹೊಳೆಯ ದಿಬ್ಬಕ್ಕೆ ಹೋಗಿ, ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆನ್ನೆಗಿಟ್ಟೆ. ಗುರಿಗೆ ಸರಿಯಾಗಿ ಹೋಯಿತು. ಆದರೆ ಬಟ್ಟೆ ಬಿಚ್ಚದೆ ಹಾಗೇ ನಾಲ್ಕು ಹೆಜ್ಜೆ ನಡೆದೆ, ಬಲಗಡೆಯ ಕಲ್ಲು ಕಾಣದೆ ಎಡವಿದೆ. ಇಷ್ಟು ವರ್ಷ ನನ್ನ ನೋವನ್ನೇ ಎಣಿಸುತ್ತಿದ್ದೆ, ನಿನ್ನದು ಏನೆಂದು ಆಗ ತಿಳಿಯಿತು.

ದಸ್ತಗಿರಿ ಬಂದಿದ್ದ. ಬಂದೂಕಿನ ಹೆಸರು ಎತ್ತಿದರೆ ಎದ್ದು ಹೋಗುವವನು ಮರದ ಮೇಲೆ ಕೈಯಾಡಿಸಿ, “ಅಬ್ಬಾ, ಇದು ಯಾರ ಕೆಲಸ?” ಎಂದ. “ನಿಮ್ಮ ದಾದಾ, ನಮ್ಮಪ್ಪ ಕಲಿಸಿದ್ದು” ಎಂದೆ. ಮಾನವಮಿಗೆ ರಜೆ ಹಾಕಿ ನನ್ನ ಜೊತೆ ಗುಡ್ಡದಹಟ್ಟಿಗೆ ಬರುತ್ತಾನಂತೆ. ನೀನು ಹೇಳುವ ಮಾತು ಅವನ ಕಿವಿಗೆ ಬೀಳಲಿ. ಹಿಂದೆ ನಿಂತು ಕೇಳಿ ಹೊರಟು ಬಿಡುತ್ತೇವೆ. ಬರಲೇ?

ನಿನ್ನ ಹೈದರ


ಗುಡ್ಡದಹಟ್ಟಿ
೬–೧೦–೧೯೮೦

ಹೈದರ,

ಬಂದೂಕು ಒಯ್ಯಲು ಬಂದಾಗ ನೀನು ಅಂಗಡಿಯಲ್ಲಿ ಇರಲಿಲ್ಲ, ಜೈತುನ್ ಬೀ ಕೊಟ್ಟರು. ಕೆನ್ನೆಗೆ ಇಟ್ಟರೆ ನನ್ನ ಮೈಯೇ ಅನ್ನಿಸುತ್ತದೆ. ಏನು ಕೈ ಮಾರಾಯ ನಿನ್ನದು!

ಮಾನವಮಿಗೆ ಬರುವುದು ಬೇಡ. ಜನ ಬಹಳ, ನಿನ್ನನ್ನು ಕಂಡು ಯಾರಾದರೂ ಏನಾದರೂ ಅಂದರೆ ಕಷ್ಟ. ನಾನು ಬರೆಯುತ್ತೇನೆ.

ಓಬಳೇಶಪ್ಪ


ಗುಡ್ಡದಹಟ್ಟಿ
೨೭–೧೦–೧೯೮೦

ಹೈದರ,

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಆದರೂ ಪೂಜೆ ಅವಳದೇ. ಎಲ್ಲದಕ್ಕೂ ಕುಂಕುಮವಿಟ್ಟು, ಕೊನೆಗೆ ನಿಂಬೆಹಣ್ಣು ಹಿಡಿದು ಬಂದೂಕಿನ ಬಾಯಿಯನ್ನು ಕೈಯಿಂದ ತಡಕಿದಳು. ಚುಚ್ಚಿದಳು. “ಬ್ಯಾಡ ಅವ್ವ” ಅನ್ನಬೇಕೆಂದು ಬಾಯಿ ತೆರೆದೆ. “ಸಾಬ ಕೆಡಿಸಿದ ಬಂದೂಕು, ಯಾವ ಪುಣ್ಯಾತ್ಮ ಸರಿ ಮಾಡ್ಯಾನೋ ಅವನ ಕೈ ತಣ್ಣಗಿರಲಿ” ಎಂದು ಹಣ್ಣಿಗೆ ಕೈಮುಗಿದಳು.

ಮಂಗಳಾರತಿಯ ಮೇಲೆ ತೋಟಾ ತರುವ ನೆವ ಮಾಡಿ ಬಂದೂಕನ್ನು ಒಳಗೆ ಒಯ್ದೆ. ಗಜ ಹಾಕಿದೆ. ಸಿಪ್ಪೆಯ ಬಿಲ್ಲೆ ತಿರುಳಿನ ಸಮೇತ ಅಂಗೈಗೆ ಬಿತ್ತು. ಎಣ್ಣೆ ಬಟ್ಟೆಯಿಂದ ಎರಡು ಸಲ ಒರೆಸಿ ಹೊರಗೆ ಬಂದು ಕಟ್ಟೆ ಹತ್ತಿದೆ. ಊರೆಲ್ಲ ನೋಡುತ್ತಿತ್ತು. ‘ಆವತ್ತು ಹೈದರನ’ ಎಂಬಷ್ಟು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಕೆಳಗೆ ಕಂಬ ಹಿಡಿದು ನಿಂತಿದ್ದಳು. ಹೈದರನ ತಪ್ಪಲ್ಲ ಅಂದರೆ ಮತ್ತೆ ಯಾರದು ಎಂದು ಜನ ಕೇಳದೆ ಬಿಡುತ್ತಾರೆಯೇ? ಹಾರಿಸಿದೆ. ಜನ ಕೇಕೆ ಹೊಡೆದರು. ಹುಬ್ಬಳ್ಳಿಯಲ್ಲಿ ಮಾಡಿಸಿದ್ದೆಂದು ಬಂಗಾರಪ್ಪನೇ ಎಲ್ಲರಿಗೂ ಹೇಳಿದ. ನಾನು ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ನೀನೇ ಹೇಳು. ಮಗನ ಕಣ್ಣು ತೆಗೆದದ್ದು ತನ್ನ ಕೈಯೇ ಎಂದು ತಿಳಿದರೆ ಆ ಮುದುಕಿ ಒಂದು ದಿನ ಬದುಕುತ್ತಾಳೆಯೇ? ಇನ್ನೆಷ್ಟು ದಿನ ಇರುತ್ತಾಳೆ ಅವಳು. ತಿಳಿಯದೆ ಹೋಗಲಿ. ಅವಳು ಹೋದ ಮೇಲೆ ಖಂಡಿತ ಹೇಳುತ್ತೇನೆ.

ಓಬಳೇಶಪ್ಪ


ಹೂವಿನಹಡಗಲಿ
೯–೧೧–೧೯೮೦

ಓಬಳೇಶಪ್ಪ,

ನಿನ್ನ ತಾಯಿ ತಿಳಿಯದೆ ಹೋಗಲಿ ಅನ್ನುತ್ತೀ. ನಮ್ಮಪ್ಪನೂ ತಿಳಿಯದೆಯೇ ಹೋದರು.

ನಾನು ಒಂಬತ್ತು ವರ್ಷ ಹೊತ್ತದ್ದು ನಿನ್ನ ಅಂಗೈಗೆ ಬಿದ್ದಿತ್ತು. ಹೊರಗೆ ಬಂದು ಅಂಗೈ ತೆರೆಯುವುದಿತ್ತು, ಅಷ್ಟೇ. ಗಜ ಹಾಕುವಾಗ ಮಾತ್ರ ನನ್ನ ಮಾತು ನಂಬಿದೆ. ಉಳಿದ ಒಂದು ಕಣ್ಣು ಉಳಿಸಿಕೊಳ್ಳಲು ಹೈದರನ ಮಾತು ಬೇಕು, ಹೈದರನ ಹೆಸರು ಉಳಿಸಲು ಬೇಡ!

ದಸ್ತಗಿರಿ ರಜೆ ಹಾಕಿ ಮನೆಯಲ್ಲೇ ಕೂತಿದ್ದ. ಏನು ಬರೆದಿದ್ದಾರೆ ಅಬ್ಬಾ ಎಂದು ಕೇಳಿದ. ಓದಲು ಕೊಟ್ಟೆ. ಓದಿ ಮಡಿಚಿ ಇಟ್ಟು, “ಗೌಡರು ಯಾವಾಗರ ಸಾಬರ ಸಲುವಾಗಿ ಅವ್ವನ್ನ ಬಿಟ್ಟುಕೊಟ್ಟಾರೇನು?” ಎಂದು ಎದ್ದು ಹೋದ.

ಆಗಲಿ. ಮುದುಕಿಯ ಜೀವಕ್ಕೆ ನಾನು ಶಾಪವಾಗಲಾರೆ. ಕಾಯುತ್ತೇನೆ. ಅವಳು ಹೋಗಲಿ ಎಂದು ಕಾಯುವ ಪಾಪಕ್ಕೂ ನನ್ನನ್ನೇ ಹಚ್ಚಿದೆಯಲ್ಲ.

ಹೈದರ


ಗುಡ್ಡದಹಟ್ಟಿ
೧೬–೮–೧೯೮೧

ಹೈದರಸಾಬರಿಗೆ,

ಅವ್ವ ಆಷಾಢದಲ್ಲಿ ತೀರಿಕೊಂಡಳು. ಅವಳ ದಿನಕರ್ಮದ ಊಟಕ್ಕೆ ಸುತ್ತಲಿನ ಜನವೆಲ್ಲ ಸೇರಿದ್ದರು. ಹೇಳಬೇಕೆಂದು ನಾನು ಎದ್ದು ನಿಂತದ್ದು ಸುಳ್ಳಲ್ಲ. ಅಷ್ಟರಲ್ಲಿ ಒಬ್ಬೊಬ್ಬರೂ ಅವಳ ಗುಣ ಹೇಳಿ ಕಣ್ಣೊರೆಸಿಕೊಳ್ಳತೊಡಗಿದರು. ಅಂಥಲ್ಲಿ ಹೇಗೆ ಹೇಳಲಿ? ಬದುಕಿದ್ದಾಗ ಬಾಯಿ ಮುಚ್ಚಿಕೊಂಡಿದ್ದು ಸತ್ತ ಮೇಲೆ ತಾಯಿಯ ಮೇಲೆ ಹೊರಿಸಿದ ಅನ್ನುತ್ತಾರೆ. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ. ಈ ವಿಷಯ ಇಲ್ಲಿಗೇ ಬಿಡೋಣ. ನಿಮಗೂ ವಯಸ್ಸಾಯಿತು, ಅಂಗಡಿ ನಡೆದಿದೆ, ಮಗ ದುಡಿಯುತ್ತಾನೆ. ಯಾವುದಕ್ಕೂ ಕಡಿಮೆಯಿಲ್ಲ.

ಇಲ್ಲಿ ಇನ್ನೊಂದು ರಗಳೆ ಶುರುವಾಗಿದೆ. ನಾನು ಕಟ್ಟೆ ಹತ್ತಿದ್ದು ಬಂಗಾರಪ್ಪನಿಗೆ ಸಹಿಸಲಾಗಲಿಲ್ಲ. ಅವನೂ ಹೊಸ ರೈಫಲ್ಲು ತಂದಿದ್ದಾನೆ. ಈ ಮಾನವಮಿಯಲ್ಲಿ ಎರಡು ಗುಂಡು ಹಾರಬೇಕಂತೆ, ಮೊದಲು ಅವನದು. ಎರಡು ಬಂದೂಕೂ ಒಂದೇ ಪೂಜೆಯಲ್ಲಿ ಇಡುವುದೆಂದು ಹಿರಿಯರು ತೀರ್ಮಾನಿಸಿದ್ದಾರೆ. ಪೂಜೆ ಇನ್ನು ನನ್ನ ಹೆಂಡತಿ ಮರುಳಸಿದ್ದಮ್ಮನದು. ಅವ್ವ ಮಾಡಿದ ಹಾಗೇ, ಒಂದೂ ಬಿಡದೆ ಮಾಡುತ್ತೇನೆ ಎಂದಿದ್ದಾಳೆ.

ಮರ ಕೆನ್ನೆಗೆ ಸ್ವಲ್ಪ ಒತ್ತುತ್ತಿದೆ. ಬಿಡುವಾದಾಗ ತರಲೇ?

ಓಬಳೇಶಪ್ಪ


ಹೂವಿನಹಡಗಲಿ
೩೦–೮–೧೯೮೧

ಓಬಳೇಶಪ್ಪ ಗೌಡರಿಗೆ,

ಪಾಲಮ್ಮವ್ವ ಹೋದ ಸುದ್ದಿ ಓದಿ ಸಂಕಟವಾಯಿತು. ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿಯೇ ಉಣ್ಣಿಸುತ್ತಿದ್ದಳು, ಆದರೆ ರೊಟ್ಟಿಯ ಮೇಲೆ ಬೆಣ್ಣೆ ಇಡುವಾಗ ನಿಮಗೂ ನನಗೂ ಒಂದೇ ಉಂಡೆ. ಜೈತುನ್ ಅತ್ತಳು.

ಇದ್ದಾಗ ಇದ್ದಾಳೆ ಅಂತ ಹೇಳಲಿಲ್ಲ, ಹೋದಾಗ ಹೋಗಿದ್ದಾಳೆ ಅಂತ ಹೇಳಲಿಲ್ಲ. ಹೊಳೆ ದಾಟಿದವನಿಗೆ ಅಂಬಿಗನ ಹಂಗೇನು? ಈ ವರ್ಷ ನಾನು ಬಳ್ಳಾರಿಗೆ ಹೋಗಲಿಲ್ಲ, ಲೈಸೆನ್ಸು ಬಿಟ್ಟೆ. ಬಂದೂಕು ತರಬೇಡಿ. ಮರ ಒತ್ತುತ್ತಿದ್ದರೆ ನಿಮ್ಮ ಮುಖ ಇಳಿದಿದೆ ಎಂದು ಅರ್ಥ. ಕೊಟ್ಟೂರು, ಬಳ್ಳಾರಿ, ಹುಬ್ಬಳ್ಳಿ ಎಲ್ಲ ನಿಮಗೆ ಗೊತ್ತು, ಯಾರಾದರೂ ಸಿಗುತ್ತಾರೇನೋ ಹುಡುಕಿ.

ನನ್ನ ಮಾತು ಮುಗಿಯಿತು. ಬಂಗಾರಪ್ಪನ ಮಾತು ಉಳಿದಿದೆ. ನಿಮ್ಮ ಮನೆಯವರು ಒಂದೂ ಬಿಡದೆ ಪೂಜೆ ಮಾಡುತ್ತಾರೆ ಎಂದಿದ್ದೀರಿ. ಅವನ ಹೊಸ ಬಂದೂಕಿನ ಬಾಯಿಗೂ ನಿಂಬೆಹಣ್ಣು ಬೀಳುತ್ತದೆ. ಅವನು ಒಳಗೆ ಹೋಗಿ ಗಜ ಹಾಕುವವನಲ್ಲ, ಯಾಕೆಂದರೆ ಅವನಿಗೆ ಗೊತ್ತಿಲ್ಲ.

ನಾನು ಅವನಿಗೆ ಕಾರ್ಡು ಬರೆದೆ. ‘ಬಂದೂಕಿನ ಬಾಯಿಗೆ ಹಣ್ಣು ಚುಚ್ಚಬೇಡಿ, ಚುಚ್ಚಿದರೆ ಗಜ ಹಾಕದೆ ಹಾರಿಸಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಹೆಸರು ಹಾಕಿದೆ. ನಿಮ್ಮ ಗಾಳೆಪ್ಪ ಮೊನ್ನೆ ಸಂತೆಗೆ ಬಂದಿದ್ದ. ಬಂಗಾರಪ್ಪ ಆ ಕಾರ್ಡನ್ನು ಕಟ್ಟೆಯ ಮೇಲೆ ಓದಿಸಿ, “ಗೌಡನ ಕಣ್ಣು ಕಳದ ಸಾಬ ನನಗ ಬುದ್ಧಿ ಹೇಳಾಕ ಹತ್ಯಾನ” ಎಂದು ನಕ್ಕನಂತೆ. ಜನವೂ ನಕ್ಕರಂತೆ. ನೀವೂ ಅಲ್ಲೇ ಇದ್ದಿರಂತೆ.

ನನ್ನ ಮಾತು ಅಲ್ಲಿ ಯಾರೂ ನಂಬುವುದಿಲ್ಲ. ನಂಬದ ಹಾಗೆ ಮಾಡಿದವರು ನೀವು. ನೀವು ಹೇಳಿದರೆ ನಂಬುತ್ತಾರೆ, ನಿಮಗೆ ಹೇಗೆ ಗೊತ್ತು ಎಂದೂ ಕೇಳುತ್ತಾರೆ. ಆಗ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೇಳದಿದ್ದರೆ ಅದೂ ಒಡೆಯುತ್ತದೆ. ಆ ಬಂದೂಕನ್ನು ಯಾವ ಸಾಬನೂ ರಿಪೇರಿ ಮಾಡಿಲ್ಲ ಗೌಡರೇ, ಅದು ಹೊಸದು. ಈ ಸಲ ಯಾರ ಕೈ ಕೆಟ್ಟಿತು ಅನ್ನುತ್ತೀರಿ?

ಮಾನವಮಿ ದೂರವಿಲ್ಲ.

ಹೈದರಸಾಬ